ಇನ್ನೊಬ್ಬನ ಶ್ರುತಿ

ಮರ್ಗಿಲಾನ್,
ರೇಷ್ಮೆ ಕಾರ್ಖಾನೆಯ ಹಿಂದಿನ ಓಣಿ,
14 ಜೂನ್ 2007, ಗುರುವಾರ

ಪ್ರೀತಿಯ ತಮ್ಮ ಕೋಸಿಮ್‌ಗೆ, ನಿನ್ನ ಅಕ್ಕ ಮಸ್ತೂರಾಳ ಸಲಾಮು.

ಹೇಗಿದ್ದೀಯಪ್ಪ? ಸೊಂಟದ ನೋವು ಇಳಿಯಿತೇ? ನೊವೊಸಿಬಿರ್ಸ್ಕ್‌ನಲ್ಲಿ ಜೂನ್ ಬಂದರೂ ಬೆಳಗಿನ ಹೊತ್ತು ಸ್ವೆಟರ್ ಬಿಚ್ಚುವ ಹಾಗಿಲ್ಲ ಎಂದು ಪಕ್ಕದ ಮನೆ ಸಾದಿಕ್‌ನ ಅಳಿಯ ಹೇಳಿದ. ಗಾರೆ ಮೆತ್ತಿ ಮೆತ್ತಿ ನಿನ್ನ ಅಂಗೈ ಸೀಳಿದೆ ಎಂದೂ ಹೇಳಿದ. ಅವನ ಕೈಯಲ್ಲೇ ಈ ಕಾಗದವನ್ನೂ ಒಂದು ಗಂಟನ್ನೂ ಕಳಿಸುತ್ತಿದ್ದೇನೆ. ಗಂಟಿನೊಳಗಿನ ಸಣ್ಣ ಡಬ್ಬಿಯಲ್ಲಿ ಕುರಿಯ ಬಾಲದ ಕೊಬ್ಬು ಕರಗಿಸಿ ಇಟ್ಟಿದ್ದೇನೆ, ಮಲಗುವಾಗ ಕೈಗೆ ಹಚ್ಚಿಕೋ. ಕೈಗೆ ಮಾತ್ರ. ಅದನ್ನು ಬಿಸಿಬಿಸಿಯಾಗಿ ಗಂಟಲಿಗೆ ಸುರಿಯುವ ಜಾಣರೂ ಈ ಊರಿನಲ್ಲಿದ್ದಾರೆ, ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ಅಂಗಳದ ಜರ್ದಾಳು ಮರ ಈ ವರ್ಷ ಕೊಂಬೆಗೆ ಊರುಗೋಲು ಕೊಡಬೇಕಾಗುವಷ್ಟು ಕಾಯಿ ಬಿಟ್ಟಿದೆ. ನಿನ್ನ ಮಗಳು ಜುಮ್ರದ್ ಹೊಟ್ಟೆ ತುಂಬ ಉಣ್ಣುತ್ತಾಳೆ, ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ.

ಕುಶಲ ಮುಗಿಯಿತು. ಈಗ ಲೆಕ್ಕ. ನಿನ್ನ ಮಗಳನ್ನು ನೀವು ಮದುವೆಮನೆಗಳಲ್ಲಿ ಹಾಡುವ ಆ 'ದೊಡ್ಡ ಹಾಡಿನ' ಹಾಡುಗಾರ್ತಿ ಮಾಡುವ ಈ ವ್ಯವಹಾರಕ್ಕೆ ಇಲ್ಲಿಯವರೆಗೆ ತಗುಲಿದ ಖರ್ಚು ಹೀಗಿದೆ: ನಲವತ್ತು ದಿನದ ಮೌನ. ಫೆರ್ಗಾನಾಕ್ಕೆ ಐದು ಸಲ ಬಸ್ಸು. ಎರಡು ಜಾಡಿ ಬೆಟ್ಟದ ಜೇನು. ಮೂರು ಮದುವೆ ಸಂಬಂಧ. ಒಡೆದ ಬಟ್ಟಲು ಒಂದು, ಒಡೆದವಳು ನಾನೇ, ಹದಿನೈದು ವರ್ಷದಲ್ಲಿ ನನ್ನ ಕೈಯಿಂದ ಒಡೆದ ಮೊದಲನೆಯದು. ಇಪ್ಪತ್ತನಾಲ್ಕು ವರ್ಷದ ಸ್ನೇಹ ಒಂದು. ಗುರುವಿನ ಆಶೀರ್ವಾದ ಒಂದು, ಅದು ಕೈಗೆ ಬರಲೇ ಇಲ್ಲ. ಇದಿಷ್ಟರಲ್ಲಿ ನೀನು ಕೊಟ್ಟದ್ದು ಎರಡು ಫೋನು. ಆ ಎರಡರಲ್ಲೂ ನೀನೇ ಮಾತಾಡಿದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದದ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ.

ಮೇ ಮೂವತ್ತರಂದು ನೀನು ಫೋನಿನಲ್ಲಿ ಕೂಗಿದ್ದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ. "ಜುಮ್ರದ್ ಹೋಗಿ ತುರ್ಗುನ್ ಉಸ್ತಾದ್ ಹತ್ರ ಕ್ಷಮೆ ಕೇಳ್ಬೇಕು, ಮತ್ತೆ ಅವರ ಕೈಕೆಳಗೇ ಕೂತ್ಕೋಬೇಕು. ಶರತ್ಕಾಲಕ್ಕೆ ನಾನು ಊರಿಗೆ ಬರೋದ್ರೊಳಗೆ ಇದು ಆಗ್ದಿದ್ರೆ ನಾನು ಬರೋದೇ ಇಲ್ಲ" ಎಂದೆ. ಕ್ಷಮೆಯ ಮಾತು ಬರುವುದು ತಪ್ಪಿನ ಮಾತು ಮುಗಿದ ಮೇಲೆ. ತಪ್ಪು ಯಾರದು ಎಂದು ನಿನಗೆ ಹೇಳಿದವನು ತುರ್ಗುನ್ ಒಬ್ಬನೇ. ಈಗ ನಾನು ಹೇಳುತ್ತೇನೆ. ಕೊನೆಯವರೆಗೆ ಓದಿ, ಆಮೇಲೆ ಬೇಕಾದರೆ ಅಲ್ಲೇ ಇರು.

ಅದಕ್ಕೂ ಹಿಂದಿನ ಫೋನು, ಫೆಬ್ರವರಿಯದು, ಅದನ್ನೂ ನಾನು ಮರೆತಿಲ್ಲ. "ಅಕ್ಕಾ, ನೀನು ತಟ್ಟೆ ಎಣಿಸು, ಹಾಡು ನಮಗೆ ಬಿಡು" ಎಂದೆಯಲ್ಲ? ಹೌದಪ್ಪ, ತಟ್ಟೆ ಎಣಿಸುವವಳೇ. ಸಾವಿರದ ನಾನೂರು ತಟ್ಟೆ, ಒಂಬೈನೂರು ಬಟ್ಟಲು, ಇಪ್ಪತ್ತೆರಡು ಕೊಪ್ಪರಿಗೆ. ಈ ಊರಿನ ಯಾವ ಮದುವೆಯ ಪಲಾವೂ ನನ್ನ ಪಾತ್ರೆ ದಾಟಿ ಯಾರ ಬಾಯಿಗೂ ಹೋಗುವುದಿಲ್ಲ. ಆದರೆ ನಾನು ಎಣಿಸುವುದು ಹೇಗೆ ಎಂದು ನಿನಗೆ ಗೊತ್ತು, ಮರೆತ ಹಾಗೆ ನಟಿಸುತ್ತೀಯ. ವಾಪಸ್ಸು ಬಂದ ಪ್ರತಿ ಬಟ್ಟಲನ್ನೂ ಬೆರಳ ಗಿಣ್ಣಿನಿಂದ ಒಮ್ಮೆ ತಟ್ಟುತ್ತೇನೆ. ಗಟ್ಟಿ ಬಟ್ಟಲು ಟಿಣ್ ಎನ್ನುತ್ತದೆ. ಕೂದಲೆಳೆಯಷ್ಟು ಸೀಳು ಬಿಟ್ಟದ್ದು ಟೊಕ್ ಎನ್ನುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ತಂದವರು ಆಣೆ ಇಡುತ್ತಾರೆ, ಬಿಸಿಲಿಗೆ ಹಿಡಿದು ತೋರಿಸುತ್ತಾರೆ. ನಾನು ಆ ಬಟ್ಟಲಿಗೆ ಕುದಿಯುವ ಚಹಾ ಹಾಕಿ ಕೊಡುತ್ತೇನೆ. ಎರಡನೇ ಗುಟುಕಿಗೆ ಅವರ ಮಡಿಲು ಒದ್ದೆಯಾಗುತ್ತದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ.

ನೀನು ಊರು ಬಿಡುವಾಗ, ತಾಯಿಯಿಲ್ಲದ ಆ ಹುಡುಗಿಯನ್ನು ನನ್ನ ಮನೆಯಲ್ಲಿಯೂ, ಅವಳ ಗಂಟಲನ್ನು ತುರ್ಗುನ್‌ನ ಕೈಯಲ್ಲಿಯೂ ಇಟ್ಟು ಹೋದೆ. ಅವನು ನಿನ್ನ ಜೊತೆಗಾರ, ಹನ್ನೊಂದು ವರ್ಷ ಮದುವೆ ಮದುವೆಗೆ ನಿನ್ನ ಎದುರು ಬಾಯಿಯ ಪಕ್ಕ ತಟ್ಟೆ ಹಿಡಿದು ಕೂತು ಹಾಡಿದವನು ಎಂದು ನಾನೂ ತಲೆಯಾಡಿಸಿದೆ. ಮೊದಲ ಚಳಿಗಾಲ ಪದ ಕಲಿಸಿದ, ಅದರಲ್ಲಿ ತಕರಾರಿಲ್ಲ. ಅವನ ತಲೆಯಲ್ಲಿರುವಷ್ಟು ಪದ ಈ ಕಣಿವೆಯಲ್ಲಿ ಇನ್ನೊಬ್ಬರ ತಲೆಯಲ್ಲಿಲ್ಲ. ಎರಡನೇ ಚಳಿಗಾಲ ಗಂಟಲು ತೆರೆಸುತ್ತೇನೆ ಎಂದು ಶುರು ಮಾಡಿದ. ಬೆಳಕು ಹರಿಯುವ ಮುಂಚೆ ಕಾಲುವೆಯ ತೂಬಿನ ಹತ್ತಿರ ನಿಲ್ಲಿಸಿ, ನೀರಿನ ಆರ್ಭಟಕ್ಕೆ ಮೇಲಾಗಿ ಕೂಗಿಸುವುದು. ಮೂಗಿನ ದನಿ ಬೇಡ, ಹೊಟ್ಟೆಯ ದನಿ ಮುದುಕರಿಗೆ, ಕೆಳಗಿನಿಂದ ಮೇಲಿನವರೆಗೆ ಎಲ್ಲವೂ ಗಂಟಲ ದನಿಯಲ್ಲೇ ಬರಬೇಕು. ಮೇಲಿನ ಸ್ವರಕ್ಕೆ ಹುಡುಗಿ ದನಿಯನ್ನು ತೆಳ್ಳಗೆ ಮಾಡಿ ನೆತ್ತಿಗೆ ಏರಿಸಿದರೆ, "ಏನದು, ಮೇಕೆ ಮರಿಗೆ ಹಾಲು ಬಿಡಿಸ್ತಿದ್ದೀಯ?" ಎಂದು ಎಲ್ಲರೆದುರು ನಗುವುದು. ನೋವಾಗುತ್ತದೆ ಎಂದರೆ ಬಿಸಿ ಕೊಬ್ಬು ಒಂದು ಸೌಟು ಕುಡಿಸುವುದು. ನಾನು ಒಂದು ದಿನ ಹೋಗಿ ಕೇಳಿದ್ದಕ್ಕೆ ಅವನ ಉತ್ತರ: "ಮಸ್ತೂರಾ, ಗಂಟಲು ಒಂದ್ಸಲ ಹರೀಬೇಕು, ಹರಿದು ಕೂಡ್ಕೋಬೇಕು. ಆಮೇಲೇ ಅದು ಗಂಟಲು. ನಿನ್ನ ತಮ್ಮನದೂ ಹಂಗೇ ತೆರೆದದ್ದು." ತೆರೆದದ್ದು ಸರಿ, ಮುಚ್ಚಿದ್ದು ಹೇಗೆ ಎಂದು ಕೇಳಬೇಕಿತ್ತು.

ಜನವರಿಯ ಒಂದು ಬೆಳಗ್ಗೆ ನಾನು ಯಾರದೋ ಮುಂಜಿಯಿಂದ ಬಂದ ಬಟ್ಟಲು ತಟ್ಟುತ್ತಾ ಕೂತಿದ್ದೆ. ಟಿಣ್, ಟಿಣ್, ಟಿಣ್. ಜುಮ್ರದ್ ಒಳಗಿನಿಂದ "ಅತ್ತೇ, ಚಹಾ ಇಳಿಸ್ಲಾ?" ಎಂದಳು. ಟೊಕ್. ನನ್ನ ಕೈ ನಿಂತಿತು. ಹಾಡಿದ್ದಲ್ಲ, ಬರೀ ಚಹಾ ಇಳಿಸಲೇ ಎಂದು ಕೇಳಿದ್ದು. ಇನ್ನೊಮ್ಮೆ ಹೇಳು ಎಂದೆ, ಹೇಳಿದಳು. ಮತ್ತೆ ಟೊಕ್. ಅವಳನ್ನು ಹತ್ತಿರ ಕೂರಿಸಿಕೊಂಡು ಎಷ್ಟು ದಿನದಿಂದ ಎಂದು ಕೇಳಿದರೆ ಎರಡು ತಿಂಗಳಿನಿಂದ ಎಂದಳು. ಮೇಲೆ ಹೋದಾಗ ಸ್ವರದ ಬದಲು ಗಾಳಿ ಬರುತ್ತದಂತೆ, ಅಲ್ಲಿ ಇನ್ನಷ್ಟು ಒತ್ತಿದರೆ ಮಾತ್ರ ಹೊರಡುತ್ತದಂತೆ. ಹಾಗೆ ಒತ್ತುವುದನ್ನೇ ಉಸ್ತಾದ್ ಭೇಷ್ ಎನ್ನುತ್ತಿದ್ದನಂತೆ.

ಫೆರ್ಗಾನಾದಲ್ಲಿ ಗಂಟಲಿನ ಡಾಕ್ಟರಮ್ಮ ಒಬ್ಬಳಿದ್ದಾಳೆ, ಅವಳ ತಂಗಿಯ ಮದುವೆಗೆ ಪಾತ್ರೆ ಹೋಗಿದ್ದು ನನ್ನದೇ. ಉದ್ದ ಹಿಡಿಯ ಪುಟ್ಟ ಕನ್ನಡಿ ಇಳಿಸಿ ನೋಡಿದಳು. ನೋಡಿ, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು: ಗಂಟಲೊಳಗೆ ಎರಡು ತೆಳು ಪರದೆ, ಒಂದಕ್ಕೊಂದು ಬಡಿದುಕೊಂಡರೆ ದನಿ. ಅತಿ ಜೋರಾಗಿ ಬಡಿಯುವ ಜಾಗದಲ್ಲಿ, ಎದುರುಬದುರಾಗಿ, ನವಣೆ ಕಾಳಿನಷ್ಟು ಎರಡು ಗಂಟು. ಪರದೆ ಮುಚ್ಚಲು ಹೋದರೆ ಗಂಟು ತಡೆಯುತ್ತದೆ, ಸಂದಿಯಲ್ಲಿ ಗಾಳಿ ಸೋರುತ್ತದೆ. "ಕೆಳಗಿನ ಸ್ವರಕ್ಕೆ ಈ ಪರದೆ ದಪ್ಪಗೆ ಇರತ್ತೆ, ಮೇಲಿನದಕ್ಕೆ ತೆಳ್ಳಗಾಗಿ ಚಾಚ್ಕೋಬೇಕು. ನಿಮ್ಮ ಹುಡುಗಿ ದಪ್ಪಾನೇ ಮೇಲಕ್ಕೆ ಹೊರ್ತಿದ್ದಾಳೆ. ಹತ್ತು ಕೌದಿ ಹೊದ್ಕೊಂಡು ಏಣಿ ಹತ್ತೋ ಹಾಗೆ. ಒಂದೊಂದು ಮೆಟ್ಟಿಲಿಗೆ ಒಂದೊಂದು ಕೌದಿ ಕೆಳಗಿಡ್ಬೇಕು, ಅಷ್ಟೇ ವಿದ್ಯೆ" ಎಂದಳು. ಇನ್ನೂ ಮೆತ್ತಗಿದೆ, ಚಾಕು ಬೇಕಿಲ್ಲ, ನಲವತ್ತು ದಿನ ಮಾತೇ ಬೇಡ, ಪಿಸುಮಾತೂ ಬೇಡ ಎಂದಳು. ಪಿಸುಗುಟ್ಟುವುದು ಕೂಗುವುದಕ್ಕಿಂತ ಕಡಿಮೆ ಕೆಡುಕಲ್ಲವಂತೆ. ನನಗೂ ಅವತ್ತೇ ಗೊತ್ತಾದದ್ದು. ಇದೇ ಥರ ಇನ್ನೊಂದು ಚಳಿಗಾಲ ನಡೆದರೆ ಆಮೇಲೆ ಬರುವ ದನಿಗೆ ತಾನು ಜವಾಬ್ದಾರಳಲ್ಲ ಎಂದೂ ಹೇಳಿದಳು.

ನಾನು ಆ ಚಿತ್ರದ ಕಾಗದವನ್ನು ತುರ್ಗುನ್‌ಗೆ ತೋರಿಸಿದೆ. ಅವನು ಅದನ್ನು ತಲೆಕೆಳಗೆ ಹಿಡಿದು ನೋಡಿ, "ಆ ಡಾಕ್ಟರಮ್ಮ ಯಾವ ಮದುವೇಲಿ ಹಾಡಿದ್ದಾಳೆ?" ಎಂದ. ಅದೇ ವಾರ ನಿನ್ನ ಫೋನು. ಡಾಕ್ಟರ್ ಎಂದು ಶುರು ಮಾಡುವುದರೊಳಗೆ ನೀನು ನನ್ನನ್ನು ತಟ್ಟೆ ಎಣಿಸಲು ಕಳಿಸಿದೆ. ಮೇ ತಿಂಗಳಲ್ಲಿ ಉಸ್ತಾದನ ಅರವತ್ತರ ಔತಣ, ಅಲ್ಲಿ ಅವನು ಮಗಳಿಗೆ ಕೈ ಎತ್ತಿ ಆಶೀರ್ವದಿಸಿ ಸ್ವತಂತ್ರವಾಗಿ ಹಾಡಲು ಬಿಡುತ್ತಾನೆ, ಅದೂ ನಿನ್ನ ಹಾಡನ್ನೇ, ನಿನ್ನ ಶ್ರುತಿಯಲ್ಲೇ, ಅಡ್ಡ ಬರಬೇಡ ಎಂದೆ. ನನ್ನ ಮಗಳನ್ನು ಮೇಕೆ ಮಾಡಬೇಡ ಎಂದೂ ಎಂದೆ. ಇಬ್ಬರೂ ಒಂದೇ ಮೇಕೆಯನ್ನು ಹಂಚಿಕೊಂಡಿದ್ದೀರಿ. ಫೋನ್ ಇಟ್ಟವಳೇ ಕೈಗೆ ಸಿಕ್ಕ ಬಟ್ಟಲನ್ನು ಗೋಡೆಗೆ ಎಸೆದೆ. ಅದು ಗಟ್ಟಿ ಬಟ್ಟಲಾಗಿತ್ತು.

ನಲವತ್ತು ದಿನದ ಮೌನದಲ್ಲಿ ಮನೆ ಹೇಗಿತ್ತು ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹುಡುಗಿ ನಾನ್ ತಟ್ಟುವ ಹಲಗೆಯ ಹಿಟ್ಟಿನ ಮೇಲೆ ಬೆರಳಿನಿಂದ ಬರೆದು ಮಾತಾಡುತ್ತಿದ್ದಳು. ಸಿಟ್ಟು ಬಂದರೆ ದೊಡ್ಡ ಅಕ್ಷರ. ಓಣಿಯಲ್ಲಿ ಮೊದಲು ಹರಕೆ ಎಂದರು, ಆಮೇಲೆ ಯಾರೋ ಹೆದರಿಸಿದ್ದಾರೆ ಎಂದರು. ಮಾತೇ ಆಡದ ಹುಡುಗಿ ಎಂಬ ಸುದ್ದಿ ಹಬ್ಬಿದ್ದೇ ತಡ, ಅತ್ತೆಯಂದಿರು ಸಾಲುಗಟ್ಟಿದರು. ಮೂರು ಒಳ್ಳೆಯ ಸಂಬಂಧ ಬಂದವು. ಮೌನ ಮುಗಿದ ದಿನ ಅವಳು ಬಾಗಿಲಲ್ಲಿ ನಿಂತು ಮೀನು ಮಾರುವವನ ಜೊತೆ ಚೌಕಾಸಿ ಮಾಡಿದ್ದನ್ನು ಕೇಳಿದ ಮೇಲೆ ಮೂರೂ ಹಿಂದಕ್ಕೆ ಹೋದವು. ಖರ್ಚಿನಲ್ಲಿ ಬರೆದಿದ್ದೇನೆ, ನಷ್ಟವೆಂದು ನಾನೇನೂ ಅಳುತ್ತಿಲ್ಲ.

ಡಾಕ್ಟರು ಗಂಟು ಕರಗಿಸಬಲ್ಲಳು, ಹಾಡು ಕಲಿಸಲಾರಳು. ಅದಕ್ಕೆ ಹುಡುಗಿಯನ್ನು ಸಲ್ತನತ್ ಅಜ್ಜಿಯ ಹತ್ತಿರ ಕರೆದುಕೊಂಡು ಹೋದೆ. ಹೆಂಗಸರು ಸೇರುವ ಸಾವು ನೋವು, ತೊಟ್ಟಿಲು, ಎಲ್ಲದರಲ್ಲೂ ಓದಿ ಹಾಡುವ ಅದೇ ಸಲ್ತನತ್. ನಿಮ್ಮಂಥ ದೊಡ್ಡ ಹಾಡುಗಾರರ ಕಿವಿಗೆ ಅವಳ ಹಾಡು ಹಾಡೇ ಅಲ್ಲ. ಆದರೆ ನನ್ನ ಲೆಕ್ಕ ಕೇಳು: ಅವಳಿಗೆ ಎಪ್ಪತ್ತಾರು ವರ್ಷ, ಹದಿನೇಳರಿಂದ ಹಾಡುತ್ತಿದ್ದಾಳೆ, ಒಂದೇ ಪಟ್ಟಿಗೆ ಕೂತು ನಾಲ್ಕು ಗಂಟೆ ಓದುತ್ತಾಳೆ, ತಟ್ಟಿದರೆ ಇವತ್ತಿಗೂ ಟಿಣ್. ನಿನ್ನ ದನಿ ನಿಂತದ್ದು ಮೂವತ್ತನಾಲ್ಕಕ್ಕೆ. ಯಾವ ಅಂಗಡಿಯ ಬಟ್ಟಲು ಕೊಳ್ಳಬೇಕು ಎಂದು ಹೇಳಲು ಸಂಗೀತ ಬರಬೇಕಿಲ್ಲ.

ಅಜ್ಜಿ ಮೊದಲ ವಾರ ಹಾಡಿಸಲೇ ಇಲ್ಲ. ಪಕ್ಕೆಯ ಮೇಲೆ ಕೈ ಇಡಿಸಿ ಉಸಿರು ಬಿಡಿಸಿದಳು. ಉಸಿರು ತೆಗೆದುಕೊಳ್ಳುವುದು ಎಲ್ಲರಿಗೂ ಬರುತ್ತದೆ, ಬಿಡುವುದರಲ್ಲಿದೆ ಕೆಲಸ ಎಂದಳು. ಎರಡನೇ ವಾರ ತುಟಿ ಮುಚ್ಚಿ ಜೇನುಹುಳದ ಹಾಗೆ ಗುಂಯ್‌ಗುಡಿಸಿದಳು. ಆಮೇಲೆ ನನ್ನ ಹತ್ತಿರ ಒಂದು ಬಟ್ಟಲು ಕೇಳಿದಳು. ಅದಕ್ಕೆ ಎರಡು ಬೆರಳು ನೀರು ಹಾಕಿ, ಕಾಲುವೆ ದಂಡೆಯ ಜೊಂಡಿನ ಕೊಳವೆಯೊಂದನ್ನು ಅದ್ದಿ, ಅದರೊಳಗೆ ಹಾಡು ಎಂದಳು. ಗುಳುಗುಳು ಗುಳ್ಳೆ. ಕೆಳಗಿನ ಸ್ವರದಿಂದ ಮೇಲಕ್ಕೆ ಹೋಗುವಾಗ ಒಂದು ಜಾಗದಲ್ಲಿ ಗುಳ್ಳೆ ಎಗರಿ ನೀರು ಹುಡುಗಿಯ ಮೂಗಿಗೆ ಸಿಡಿಯುತ್ತಿತ್ತು. "ಅಲ್ಲೇ ಕಣೇ ಹೊಸ್ತಿಲು. ಗಂಟಲ ದನಿ ಮುಗಿದು ನೆತ್ತಿ ದನಿ ಶುರುವಾಗೋ ಜಾಗ. ನಿಮ್ಮ ಉಸ್ತಾದ್ ಅಲ್ಲಿ ಬಾಗಿಲು ಮುರಿಸ್ತಾನೆ. ನೀನು ತಲೆ ಬಗ್ಗಿಸಿ ದಾಟು. ನೀನು ದಾಟಿದ್ದು ಗುಳ್ಳೆಗೂ ಗೊತ್ತಾಗ್ಬಾರ್ದು" ಎಂದಳು. ದಿನಕ್ಕೆ ಎಂಟು ನಿಮಿಷ, ಮಧ್ಯೆ ಬಿಡುವು, ಮತ್ತೆ ಎಂಟು. ಮೇಲಿನಿಂದ ಮೆಲ್ಲಗೆ ಶುರು ಮಾಡಿ ಕೆಳಕ್ಕೆ ಇಳಿಯುವುದು, ಇಳಿಯುತ್ತಾ ಒಂದೊಂದೇ ಕೌದಿ ಹೊದೆಯುವುದು. ಕೌದಿಯ ಮಾತು ಡಾಕ್ಟರದ್ದಾದರೂ ಅಜ್ಜಿಗೆ ಬಹಳ ಹಿಡಿಸಿತು. ದಣಿವಾಯಿತೇ ಎಂದು ಕೇಳುವುದಕ್ಕೆ ಮುಂಚೆಯೇ ನಿಲ್ಲಿಸುತ್ತಿದ್ದಳು. ಮೊದಲು ನನಗೆ ಇದೆಲ್ಲ ಮಕ್ಕಳ ಆಟ ಎನ್ನಿಸಿತು. ಏಪ್ರಿಲ್ ಕೊನೆಯಲ್ಲಿ ಒಂದು ದಿನ ಅಂಗಳದಲ್ಲಿ ಕೂತು ಗುಳ್ಳೆ ನೋಡುತ್ತಿದ್ದೆ. ಹುಡುಗಿ ಕೆಳಗಿನಿಂದ ಹೊರಟಳು, ಮೇಲೆ ಮುಟ್ಟಿದಳು. ಗುಳ್ಳೆ ಅನ್ನ ಕುದಿಯುವ ಹಾಗೆ ಒಂದೇ ಸಮ ಬರುತ್ತಿತ್ತು. ಹೊಸ್ತಿಲು ಯಾವಾಗ ಬಂತು, ಯಾವಾಗ ಹೋಯಿತು, ನನಗೆ ತಿಳಿಯಲಿಲ್ಲ.

ತಟ್ಟೆಯ ವಿಷಯವೂ ಅವಳೇ ಹೇಳಿದ್ದು. ನೀವು ಗಂಡಸರು ದೊಡ್ಡ ಹಾಡು ಹಾಡುವಾಗ ಬಾಯಿಯ ಪಕ್ಕ ತಟ್ಟೆ ಹಿಡಿಯುವುದು ದನಿಯನ್ನು ಓಣಿಯಾಚೆಗೆ ಎಸೆಯಲಿಕ್ಕೆ ಎಂದುಕೊಂಡಿದ್ದೀರಲ್ಲ? "ಎಸೆಯೋಕಲ್ಲ, ನಿನ್ನ ದನಿ ತಿರುಗಿ ನಿನ್ನ ಕಿವಿಗೇ ಬರ್ಲಿ ಅಂತ. ತನ್ನದು ತನಗೆ ಕೇಳಿದ್ರೆ ಯಾರಾದ್ರೂ ಯಾಕೆ ಅರಚ್ತಾರೆ?" ಎಂದಳು. ಇದು ಎಷ್ಟು ನಿಜವೋ ನಾನರಿಯೆ, ನಿನಗೇ ಬಿಟ್ಟೆ.

ಈಗ ಕಿವಿಗೊಟ್ಟು ಕೇಳು. ಒಂದು ದಿನ ಅಜ್ಜಿ ಚಹಾ ಕುಡಿಯುತ್ತಾ ಸುಮ್ಮನೆ ಕೇಳಿದಳು, ಇವರಪ್ಪನ ಜೊತೆ ಹಾಡುವಾಗ ಮೊದಲ ಸೊಲ್ಲು ಯಾರದು ಎಂದು. ತುರ್ಗುನ್‌ದು, ಅವನು ಹದಿಮೂರು ವರ್ಷ ದೊಡ್ಡವನು, ಹಿರಿಯನೇ ತಾನೆ ಶುರು ಮಾಡುವುದು ಎಂದೆ. ಯಾವಾಗಲೂ ಅವನೇನಾ ಎಂದಳು. ಯಾವಾಗಲೂ ಎಂದೆ. ಅಜ್ಜಿ ಬಟ್ಟಲು ಕೆಳಗಿಟ್ಟಳು. ನಿಮ್ಮ ಹಾಡಿಗೆ ತಂತಿಯಿಲ್ಲ, ಡೋಲಿಲ್ಲ. ಮೊದಲು ಬಾಯಿ ತೆರೆದವನ ಶ್ರುತಿಯೇ ಶ್ರುತಿ, ಎರಡನೆಯವನು ಅದನ್ನು ಬದಲಿಸುವ ಹಾಗಿಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಹೋಗಿ ಉತ್ತರ ಕೊಡಬೇಕು. ತುರ್ಗುನ್ ಹುಟ್ಟಿನಿಂದ ತೆಳು ಗಂಟಲಿನವನು. ನಿನಗೆ ಛಾವಣಿಯಾಗುವ ಎತ್ತರ ಅವನಿಗೆ ನೆಲ. ನಿನ್ನದು ಹೊಟ್ಟೆಯ ದನಿ, ಅಪ್ಪನ ಹಾಗೆ. "ಹನ್ನೊಂದು ವರ್ಷ ಆ ಹುಡುಗ ಇನ್ನೊಬ್ಬನ ಚಪ್ಪಲೀಲಿ ಬೆಟ್ಟ ಹತ್ತಿದ್ದಾನೆ. ಕಾಲು ಹೋಗದೆ ಇರತ್ತಾ?" ಎಂದಳು. ನಿನ್ನ ದನಿ ಹೋದಾಗ ನಾವೆಲ್ಲ ಕೆಟ್ಟ ಕಣ್ಣು ಎಂದೆವು, ಮದುವೆಮನೆಯ ಮುಂಜಾನೆ ಪಲಾವಿನ ಮೇಲೆ ತಣ್ಣನೆ ಕರಬೂಜ ತಿಂದದ್ದು ಎಂದೆವು. ಕರಬೂಜದ್ದು ಏನೂ ತಪ್ಪಿಲ್ಲ, ಪಾಪ. ತುರ್ಗುನ್‌ಗೆ ಇದು ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಗೊತ್ತಿಲ್ಲದಿದ್ದರೆ ಅವನು ಎಂಥ ಉಸ್ತಾದ್? ಗೊತ್ತಿದ್ದರೆ ಎಂಥ ಸ್ನೇಹಿತ? ಎರಡರಲ್ಲಿ ಒಂದನ್ನು ನೀನೇ ಆರಿಸಿಕೋ.

ಔತಣಕ್ಕೆ ವಾರ ಮುಂಚೆ ಜುಮ್ರದ್ ಅವನ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು, ಹಾಡನ್ನು ಮೂರು ಸ್ವರ ಕೆಳಗೆ ಇಳಿಸೋಣವೇ ಉಸ್ತಾದ್ ಎಂದು ಮರ್ಯಾದೆಯಿಂದಲೇ ಕೇಳಿದಳು. ಇದನ್ನು ಅವನು ನಿನಗೆ ಹೇಳಿರಲಾರ. "ದೊಡ್ಡ ಹಾಡು ಅಂದ್ರೆ ಪೈಜಾಮಾನಾ, ನಿನ್ನ ಕಾಲಿನ ಅಳತೆಗೆ ಕತ್ತರಿಸಿ ಹೊಲಿಯೋಕೆ?" ಎಂದ. ಮನೆಗೆ ಬಂದಳು. ಹೋಗಬೇಡ, ಆಶೀರ್ವಾದ ಹಾಳಾಗಿ ಹೋಗಲಿ ಎಂದೆ. ಅಭ್ಯಾಸಬಲವೋ ಏನೋ, ಹಲಗೆಯ ಹಿಟ್ಟಿನ ಮೇಲೆ ದೊಡ್ಡದಾಗಿ ಬರೆದಳು: ಹೋಗ್ತೀನಿ.

ಮೇ ಇಪ್ಪತ್ತೇಳು, ಭಾನುವಾರ, ಕಾಲುವೆ ದಂಡೆಯ ಚಹಾಖಾನೆ. ಮುನ್ನೂರು ಜನ, ತಟ್ಟೆಗಳು ನನ್ನವು, ಹಾಗಾಗಿ ನಾನು ಒಲೆಯ ಪಕ್ಕದ ಮೂಲೆಯಿಂದ ಎಲ್ಲವನ್ನೂ ಕಂಡೆ. ತುರ್ಗುನ್‌ಗೆ ಜರಿಯ ನಿಲುವಂಗಿ ಹೊದಿಸಿದರು. ಇಬ್ಬರು ಶಿಷ್ಯರು ಹಾಡಿದರು. ಆಮೇಲೆ ಜುಮ್ರದ್ ಅವನೆದುರು ಮಂಡಿಯೂರಿ ಕೂತಳು. ಅವನು ಯಾವತ್ತಿನಂತೆ ತಟ್ಟೆ ಎತ್ತಿದ, ಎರಡು ಸಲ ಕೆಮ್ಮಿದ, ಚಹಾದ ಬಟ್ಟಲಿಗೆ ಕೈ ಚಾಚಿದ. ಅವನು ಹಾಡುವುದಕ್ಕೆ ಮುಂಚೆ ಒಂದು ಗುಟುಕು ಕುಡಿಯುತ್ತಾನಲ್ಲ, ನಿನಗೆ ಗೊತ್ತು. ಬಟ್ಟಲು ತುಟಿಯಲ್ಲಿದ್ದಾಗ ಹುಡುಗಿ ಶುರು ಮಾಡಿಬಿಟ್ಟಳು. ತನ್ನ ಶ್ರುತಿಯಲ್ಲಿ. ಮೊದಲ ಸೊಲ್ಲು.

ಚಹಾ ಸುರಿಯುತ್ತಿದ್ದವನ ಕೈ ಹಾಗೇ ನಿಂತು ಬಟ್ಟಲು ತುಂಬಿ ಹರಿಯಿತು. ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೊಲ್ಲು ಗಾಳಿಗೆ ಬಿದ್ದ ಮೇಲೆ ಯಾರೂ ಏನೂ ಮಾಡುವಂತಿಲ್ಲ. ತುರ್ಗುನ್ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಎತ್ತಿಕೊಂಡ. ಅವನಿಗೆ ಆ ಜಾಗದಲ್ಲಿ ದನಿಯೇ ಇಲ್ಲ ಎಂದು ಮರ್ಗಿಲಾನ್‌ಗೆ ಅವತ್ತು ತಿಳಿಯಿತು. ನೆಲಮಾಳಿಗೆಯಲ್ಲಿ ದೀಪವಿಲ್ಲದೆ ಏನೋ ಹುಡುಕುವವನ ಹಾಗೆ ತಡಕಾಡಿದ, ಗೊರಗುಟ್ಟಿದ. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಹನ್ನೊಂದು ವರ್ಷ ನೀನು ಅದೇ ರೀತಿ ಛಾವಣಿಯಲ್ಲಿ ತಡಕಾಡಿದ್ದೆ, ಯಾರಿಗೂ ಹಾಗೆ ಅನ್ನಿಸಿರಲಿಲ್ಲ, ಅದೇ ನೆನಪಾಯಿತು. ಹಾಡು ಏರುವ ತುತ್ತತುದಿ ಬಂತು. ನೀನು ದನಿ ಕಳೆದುಕೊಂಡ ಆ ಸಾಲು. ನಾನು ಅವಳ ಕತ್ತನ್ನೇ ನೋಡುತ್ತಿದ್ದೆ. ಒಂದು ನರ ಎದ್ದು ನಿಲ್ಲಲಿಲ್ಲ. ದನಿ ತೆಳ್ಳಗಾಯಿತು, ಸಣ್ಣದಾಗಲಿಲ್ಲ. ತಲೆ ಬಗ್ಗಿಸಿ ಹೊಸ್ತಿಲು ದಾಟಿತು, ಒಳಗೆ ಹೋಗಿ ನಿಂತಿತು, ನಿಂತೇ ಇತ್ತು. ನನ್ನ ಬೆರಳು ತಾನಾಗಿಯೇ ಮಡಿಲಲ್ಲಿದ್ದ ಬಟ್ಟಲನ್ನು ತಟ್ಟಿತು. ಎರಡೂ ಒಂದೇ ಸದ್ದು. ಕೊನೆಯ ಸುತ್ತಿಗೆ ತುರ್ಗುನ್ ತಟ್ಟೆ ಕೆಳಗಿಟ್ಟ. ಅವಳು ಒಬ್ಬಳೇ ಮುಗಿಸಿದಳು.

ತಟ್ಟೆ ಇಟ್ಟವನು ಎಲ್ಲರಿಗೂ ಕೇಳುವ ಹಾಗೆ ಕೇಳಿದ: "ಮೊದಲ ಸೊಲ್ಲು ನಿಂಗೆ ಯಾರು ಕೊಟ್ಟದ್ದು, ಹುಡುಗಿ?"

ನಿನ್ನ ಮಗಳು ತಲೆ ಎತ್ತದೆ ಹೇಳಿದಳು: "ನಮ್ಮಪ್ಪ ಹನ್ನೊಂದು ವರ್ಷ ಕಾದ್ರೂ ನೀವು ಕೊಡ್ಲಿಲ್ಲ, ಉಸ್ತಾದ್. ಅದಕ್ಕೇ ನಾನು ಕೇಳ್ದೆ ತಗೊಂಡೆ."

ಇದೇ ಅವಮಾನ. ಇದಕ್ಕೇ ಕ್ಷಮೆ. ಅವನು ಉಳಿದಿಬ್ಬರಿಗೆ ಕೈ ಎತ್ತಿ ಆಶೀರ್ವದಿಸಿದ, ಇವಳ ಸರದಿಗೆ ಅಂಗೈ ಮಡಿಲಲ್ಲೇ ಉಳಿಯಿತು. ಮಾರನೆಯ ದಿನದಿಂದ ಓಣಿಯಲ್ಲಿ ಸಿಕ್ಕರೆ ನನ್ನ ಸಲಾಮಿಗೆ ಉತ್ತರವಿಲ್ಲ. ನಿನಗೆ ಫೋನ್ ಮಾಡಿದ, ನೀನು ನನಗೆ ಮಾಡಿದೆ. ನಾನು ಅವಳನ್ನು ಕಳಿಸುವುದಿಲ್ಲ, ಕೋಸಿಮ್. ನೀನು ಶರತ್ಕಾಲಕ್ಕೆ ಬಾ, ಬಾರದೇ ಇರು, ಕಳಿಸುವುದಿಲ್ಲ. ಅವಳು ಈಗ ವಾರಕ್ಕೆ ಮೂರು ದಿನ ಸಲ್ತನತ್ ಅಜ್ಜಿಯ ಹತ್ತಿರ ಹೋಗುತ್ತಾಳೆ. ಮುಂದಿನ ತಿಂಗಳು ಎರಡು ಮದುವೆಗೆ ಕರೆ ಬಂದಿದೆ, ಆಶೀರ್ವಾದ ಇಲ್ಲದೆಯೇ. ಡಾಕ್ಟರಮ್ಮ ಮೊನ್ನೆ ಮತ್ತೆ ಕನ್ನಡಿ ಇಳಿಸಿ ನೋಡಿದಳು; ಒಂದು ಗಂಟು ಹೋಗಿದೆ, ಇನ್ನೊಂದು ಹೋಗುತ್ತಿದೆ.

ಕೈಗೆ ಕೊಬ್ಬು ಹಚ್ಚುವುದನ್ನು ಮರೆಯಬೇಡ. ಒಂಬತ್ತು ಜನ ಇರುವ ಕೋಣೆಯಲ್ಲಿ ಕಿಟಕಿಯ ಪಕ್ಕ ಮಲಗಬೇ‌ಡ. ಅಪ್ಪ ಅಮ್ಮನ ಹರಕೆ ನಿನ್ನ ತಲೆಯ ಮೇಲಿರಲಿ, ಹತ್ತಿದ ಸಾರವೆ ಗಟ್ಟಿಯಾಗಿರಲಿ, ದುಡಿದ ಅನ್ನ ಮೈಗೆ ಹತ್ತಲಿ. ಜುಮ್ರದ್ ಸಲಾಮು ಹೇಳಿದ್ದಾಳೆ. ಸಿಟ್ಟಿದೆ, ಆದರೂ ಹೇಳಿದ್ದಾಳೆ.

ನಿನ್ನ ಅಕ್ಕ,
ಮಸ್ತೂರಾ

ಮರೆತಿದ್ದೆ. ಮರೆತದ್ದೇನಲ್ಲ, ಬರೆಯಲು ಕೈ ಬರಲಿಲ್ಲ. ಸಾದಿಕ್‌ನ ಅಳಿಯ ಗಂಟು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಾನೆ, ರೈಲಿಗೆ ಹೊತ್ತಾಯಿತು, ಆದ್ದರಿಂದ ಚುಟುಕಾಗಿ. ತೊಂಬತ್ತನಾಲ್ಕರ ಏಪ್ರಿಲ್‌ನಲ್ಲಿ, ಯಾವುದೋ ಮದುವೆಯ ಮುಂಜಾನೆ ಪಲಾವಿನ ಊಟದಲ್ಲಿ ಹಾಡಿ ಮಧ್ಯಾಹ್ನ ಮನೆಗೆ ಬಂದು, "ಅಕ್ಕಾ, ಬಾಗಿಲು ತೆಗಿ" ಎಂದೆಯಲ್ಲ, ಆವತ್ತು ನನಗೆ ಕೇಳಿಸಿತ್ತು. ಟೊಕ್. ಸ್ಪಷ್ಟವಾಗಿ ಕೇಳಿಸಿತ್ತು. ಆ ವಸಂತದಲ್ಲಿ ನಿನಗೆ ಇಪ್ಪತ್ತಾರು ಮದುವೆಗೆ ಕರೆಯಿತ್ತು. ನಿನ್ನ ಹಾಡು ಹೋದ ಕಡೆಯೆಲ್ಲ ನನ್ನ ಪಾತ್ರೆ ಹೋಗುತ್ತಿತ್ತು. ಕಾರ್ಖಾನೆ ಸಂಬಳ ನಿಲ್ಲಿಸಿದ ವರ್ಷ ನಾನು ಕೊಂಡ ಮೊದಲ ಮೂರು ಕೊಪ್ಪರಿಗೆ, ಅರವತ್ತು ಬಟ್ಟಲು, ಎಲ್ಲ ನಿನ್ನ ಗಂಟಲಿನಿಂದ ಬಂದದ್ದೇ. ನಾನು ಬಾಗಿಲು ತೆಗೆದೆ, ಬಾಯಿ ತೆಗೆಯಲಿಲ್ಲ. ಸೆಪ್ಟೆಂಬರ್‌ನಲ್ಲಿ ನಿನ್ನ ದನಿ ಹೋಯಿತು. ಕೆಟ್ಟ ಕಣ್ಣು ಎಂದು ಎಲ್ಲರಿಗಿಂತ ಮುಂಚೆ ಹೇಳಿ ಧೂಪ ಹಾಕಿದವಳೂ ನಾನೇ. ತುರ್ಗುನ್ ಮೇಲೆ ಇಷ್ಟುದ್ದ ಬರೆದೆ. ಅವನಿಗೆ ಕೇಳಿಸಿರಲಿಕ್ಕಿಲ್ಲ. ನನಗೆ ಕೇಳಿಸಿತ್ತು.

ಗಂಟಿನಲ್ಲಿ ಉಣ್ಣೆ ಕಾಲುಚೀಲದೊಳಗೆ ಜೊಂಡಿನ ಕೊಳವೆ ಇದೆ, ನಿನ್ನ ಹಳೆಯ ತಟ್ಟೆಯೂ ಇದೆ. ಎರಡು ಬೆರಳು ನೀರು, ಎಂಟು ನಿಮಿಷ, ನಿನ್ನದೇ ತಗ್ಗಿನ ಶ್ರುತಿ. ಅಜ್ಜಿ ಯಾವ ಭರವಸೆಯನ್ನೂ ಕೊಡುವುದಿಲ್ಲ. ಕೆಳಗಿನ ದನಿಯನ್ನು ನೀನು ಯಾವತ್ತೂ ಬಳಸಿಲ್ಲವಾದ್ದರಿಂದ ಅದು ಸವೆದಿರಲಾರದು ಎಂದಷ್ಟೇ ಹೇಳಿದಳು.

ಯಾರಿಗೆ ಏನು ಸಿಕ್ಕಿತು ಎಂಬ ಲೆಕ್ಕ: ತುರ್ಗುನ್‌ಗೆ ಅರವತ್ತರ ಔತಣ, ಜರಿಯ ನಿಲುವಂಗಿ, ಇಬ್ಬರು ಶಿಷ್ಯರು. ಡಾಕ್ಟರಮ್ಮನಿಗೆ ಒಂದು ಜಾಡಿ ಜೇನು. ಸಲ್ತನತ್ ಅಜ್ಜಿಗೆ ಒಂದು ಜಾಡಿ ಜೇನು, ಒಬ್ಬ ಶಿಷ್ಯೆ. ಜುಮ್ರದ್‌ಗೆ ಅವಳ ಶ್ರುತಿ. ನನಗೆ ಮೂರು ಕೊಪ್ಪರಿಗೆ, ಅರವತ್ತು ಬಟ್ಟಲು, ಅದರ ಮೇಲೆ ಹದಿನೈದು ವರ್ಷದ ಅನ್ನ. ನಿನಗೆ ಒಂದು ಕೊಳವೆ, ಒಂದು ತಟ್ಟೆ. ಸಾಲದು, ಗೊತ್ತು.